ದಮ್ಮಿನ ಮಗುವಿನ ಮದ್ದು: ಪರೀಕ್ಷೆ ಎಂದರೇನು?

(ಶಹಾಪುರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗುಡ್ಡಗಳ ಬಗೆಗೆ, ಕೆರೆಗಳ ಬಗೆಗೆ ನಾವು ಹಲವು ಸಲ ಸೇರಿ ಚರ್ಚಿಸಿದ್ದೇವೆ. ಇಂದು ಅವುಗಳಿಗಿಂತ ಬಹಳ ಚಿಕ್ಕದಾದ ಒಂದು ಜಾಗದ ವಿಚಾರವನ್ನು ಎತ್ತಿಕೊಂಡಿದ್ದೇನೆ. ಅದು ಎಂಟು ವರ್ಷದ ಮಗುವಿನ ಎದೆಗೂಡು.

ತೊಗರಿಯ ರಾಶಿ ನಡೆಯುವಾಗ ಏಳುವ ಹೊಟ್ಟು, ಹತ್ತಿಯ ಜಿನ್ನಿನಿಂದ ಹಾರುವ ಎಳೆ, ಹೊಲದ ಬದುವಿನ ಕಾಂಗ್ರೆಸ್ ಕಸದ ಪರಾಗ, ತೊಗರಿ ಕಟ್ಟಿಗೆ ಉರಿಸಿದ ಒಲೆಯ ಹೊಗೆ, ಇವೆಲ್ಲ ಆ ಗೂಡಿನೊಳಗೆ ಹೋಗುತ್ತವೆ. ಕೆಲವು ಮಕ್ಕಳ ಶ್ವಾಸನಾಳ ಇದಕ್ಕೆ ಕೆರಳಿ ಬಾತುಕೊಳ್ಳುತ್ತದೆ, ಬಿಗಿಯುತ್ತದೆ. ನಾವು ಅದನ್ನು ದಮ್ಮು ಎನ್ನುತ್ತೇವೆ, ವೈದ್ಯರು ಅಸ್ತಮಾ ಎನ್ನುತ್ತಾರೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಲೆಕ್ಕವಿಟ್ಟಾಗ 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಇದು ಆಸ್ಪತ್ರೆಯ ಲೆಕ್ಕವೇ ಹೊರತು ಊರಿನ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಆದರೆ ಅವರು ಶಾಲೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿಯೂ ವಾಹನ ಕಡಿಮೆ ಇರುವ ಕಡೆಗಿಂತ ವಾಹನ ದಟ್ಟಣೆಯ ಕಡೆ ರೋಗ ಹೆಚ್ಚಿತ್ತು. ದಟ್ಟಣೆಯೊಡನೆ ಬಡತನವೂ ಕೂಡಿದಲ್ಲಿ ಅದು ಎಲ್ಲಕ್ಕಿಂತ ಹೆಚ್ಚು.

ಇನ್ನು ಮದ್ದಿನ ಮಾತು. ಮಿರಗದ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಹಳದಿ ಮುದ್ದೆಯನ್ನು ಜೀವಂತ ಮೀನಿನ ಮರಿಯ ಬಾಯಲ್ಲಿಟ್ಟು ದಮ್ಮಿನವರಿಗೆ ನುಂಗಿಸುತ್ತಾರೆ. ನಮ್ಮ ಕಡೆಯಿಂದಲೂ ರೈಲು ಹತ್ತಿ ಹೋಗುವವರಿದ್ದಾರೆ. ಹೋಗುವವರನ್ನು ಹಂಗಿಸಲು ನಾನು ಬಂದಿಲ್ಲ. ರಾತ್ರಿಯಿಡೀ ಮಗುವನ್ನು ಎದೆಗೊರಗಿಸಿ ಕುಳಿತ ತಾಯಿ ಎಲ್ಲಿಗಾದರೂ ಹೋದಾಳು. ಆದರೆ ಒಂದು ಲೆಕ್ಕ ಹಾಕಿರಿ. ಪುಷ್ಯ ಮಾಘದಲ್ಲಿ ರಾಶಿಯ ಧೂಳಿಗೆ ದಮ್ಮು ಏರಿದ ಮಗುವಿಗೆ, ಮಳೆ ಬಿದ್ದು ಧೂಳು ಅಡಗಿದರೆ ತಾನಾಗಿಯೇ ಉಸಿರು ಹಗುರಾಗಬಹುದು. ಆ ದಿನ ಮೀನು ನುಂಗಿಸಿದ್ದರೆ ಕೀರ್ತಿ ಮೀನಿಗೆ, ಕಷಾಯ ಕುಡಿಸಿದ್ದರೆ ಕಷಾಯಕ್ಕೆ, ಇನ್ಹೇಲರ್ ಕೊಟ್ಟಿದ್ದರೆ ಇನ್ಹೇಲರಿಗೆ. ಏರಿ ಇಳಿಯುವ ರೋಗದಲ್ಲಿ ಒಂದೇ ಮಗುವನ್ನು ನೋಡಿ ಮದ್ದಿನ ಗುಣ ಹೇಳಲಾಗದು.

ಆದುದರಿಂದಲೇ ಪರೀಕ್ಷೆ ಬೇಕು. ನೂರಾರು ಮಕ್ಕಳನ್ನು, ಚೀಟಿ ಎತ್ತಿದಂತೆ, ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಹೊಸ ಮದ್ದು, ಇನ್ನೊಂದಕ್ಕೆ ಹಳೆಯದು ಅಥವಾ ಹುಸಿ ಮದ್ದು. ಸಾಧ್ಯವಾದಲ್ಲಿ ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿರುವುದಿಲ್ಲ. ಮಳೆ, ಧೂಳು, ಹೊಗೆ ಎರಡೂ ಗುಂಪಿಗೆ ಸಮಾನ. ಉಳಿಯುವ ವ್ಯತ್ಯಾಸ ಮದ್ದಿನದು.

ಇನ್ಹೇಲರನ್ನೂ ಕುರುಡಾಗಿ ನಂಬಬೇಕಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಂದಿನ ಇನ್ಹೇಲರುಗಳು ಚೀಟಿಯಿಲ್ಲದೆ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. 1959ರಿಂದ 1966ರೊಳಗೆ 10ರಿಂದ 14 ವಯಸ್ಸಿನ ಮಕ್ಕಳಲ್ಲಿ ಅಸ್ತಮಾದ ಸಾವು ಸುಮಾರು ಎಂಟು ಪಟ್ಟು ಏರಿತು. ಆ ಮದ್ದಿನ ಅತಿಬಳಕೆಯ ಮೇಲೆ ಸಂಶಯ ಬಿದ್ದು ಎಚ್ಚರಿಕೆ ಕೊಟ್ಟ ಬಳಿಕ ಸಾವು ಇಳಿಯಿತು.

ನಮ್ಮ ಹಳ್ಳಿಗಳಲ್ಲಿ ಕೇಳಿಬರುವ ಭಯ ಬೇರೆ: 'ಪಂಪು ಹಿಡಿಸಿದರೆ ಚಟವಾಗುತ್ತದೆ, ಮಗು ಬೆಳೆಯುವುದಿಲ್ಲ.' ಚಟದ ಮಾತು ಸುಳ್ಳು. ಬೆಳವಣಿಗೆಯ ಮಾತನ್ನು ಮಾತ್ರ ವೈದ್ಯರು ತಳ್ಳಿಹಾಕದೆ ಅಳೆದು ನೋಡಿದ್ದಾರೆ. ಅಮೆರಿಕ ಮತ್ತು ಕೆನಡಾಗಳಲ್ಲಿ 5ರಿಂದ 12 ವರ್ಷದ 1,041 ಮಕ್ಕಳನ್ನು ನಾಲ್ಕರಿಂದ ಆರು ವರ್ಷ ಹಿಂಬಾಲಿಸಿದ ಪರೀಕ್ಷೆಯ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಬುಡೆಸೊನೈಡ್ ಎಂಬ ಸ್ಟೀರಾಯ್ಡನ್ನು ನಿತ್ಯ ಸೇದಿದ ಮಕ್ಕಳು ಆಸ್ಪತ್ರೆ ಸೇರಿದ್ದು ಕಡಿಮೆ. ಎತ್ತರ ಮಾತ್ರ ಹುಸಿ ಮದ್ದಿನ ಗುಂಪಿಗಿಂತ 1.1 ಸೆಂಟಿಮೀಟರ್ ಕಡಿಮೆಯಾಗಿತ್ತು. ಅವರು ದೊಡ್ಡವರಾದ ಮೇಲೆ ಮತ್ತೆ ಅಳೆದು 2012ರಲ್ಲಿ ವರದಿ ಮಾಡಿದಾಗಲೂ ಅಂತರ 1.2 ಸೆಂಟಿಮೀಟರ್. ಒಂದು ಬೆರಳಿನ ಅಗಲಕ್ಕೂ ಕಡಿಮೆ. ಉಸಿರು ಕಟ್ಟುವ ರಾತ್ರಿಗಳ ಎದುರು ಇದನ್ನು ತೂಗಿ ನೋಡುವುದು ತಾಯಿತಂದೆಯರ ಹಕ್ಕು. ತೂಗಲು ಸಂಖ್ಯೆ ಬೇಕಿತ್ತು, ಅದು ಪರೀಕ್ಷೆಯಿಂದ ದೊರೆಯಿತು. ಇನ್ನೊಂದು ಸತ್ಯವೂ ಅಲ್ಲಿಯೇ ತಿಳಿಯಿತು. ಮದ್ದು ನಿಲ್ಲಿಸಿದ ಮೇಲೆ ಅದರ ಲಾಭವೂ ನಿಂತಿತು. ಅದು ರೋಗವನ್ನು ಹಿಡಿತದಲ್ಲಿಡುತ್ತದೆ, ಬೇರುಸಹಿತ ಕೀಳುವುದಿಲ್ಲ.

ತೀರ ಈಚೆಗೆ, 2025ರಲ್ಲಿ, ನ್ಯೂಜಿಲೆಂಡಿನ ಪರೀಕ್ಷೆಯೊಂದು ಪ್ರಕಟವಾಯಿತು. ಸೌಮ್ಯ ಅಸ್ತಮಾದ, 5ರಿಂದ 15 ವರ್ಷದ 360 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಉಬ್ಬಸ ಬಂದಾಗ ಎಂದಿನ ಸಾಲ್ಬುಟಮಾಲ್, ಉಳಿದವರಿಗೆ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಕೂಡಿದ ಇನ್ಹೇಲರ್. ಎರಡನೆಯ ಗುಂಪಿನಲ್ಲಿ ತೀವ್ರ ದಾಳಿಗಳು ಸುಮಾರು ಶೇ. 45ರಷ್ಟು ಕಡಿಮೆಯಾದವು. ಯಾವ ಮದ್ದು ಎಂಬುದು ಇಲ್ಲಿ ಮನೆಯವರಿಗೆ ತಿಳಿದಿತ್ತೆಂಬುದನ್ನೂ ಹೇಳಬೇಕು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದ ಪರೀಕ್ಷೆ 1999ರದು, ದಕ್ಷಿಣ ಆಫ್ರಿಕದ ಕೇಪ್‌ಟೌನಿನದು. ಸಣ್ಣ ಮಕ್ಕಳು ಇನ್ಹೇಲರ್ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಸಲಾರರು. ಮದ್ದು ಗಂಟಲಲ್ಲೇ ಉಳಿಯುತ್ತದೆ. ನಡುವೆ ಸ್ಪೇಸರ್ ಎಂಬ ಕೊಳವೆ ಬೇಕು, ಅದಕ್ಕೆ ಬಡವರಲ್ಲಿ ಹಣವಿಲ್ಲ. ಅಲ್ಲಿನ ವೈದ್ಯರು ಅರ್ಧ ಲೀಟರಿನ ತಂಪು ಪಾನೀಯದ ಬಾಟಲಿಯ ತಳದಲ್ಲಿ, ಕಾಯಿಸಿದ ತಂತಿಯಿಂದ ಇನ್ಹೇಲರಿನ ಬಾಯಿಯಷ್ಟೇ ತೂತು ಮಾಡಿ, ಸಂದಿಯನ್ನು ಅಂಟಿನಿಂದ ಮುಚ್ಚಿದರು. ಮಗು ಬಾಟಲಿಯ ಬಾಯಿಂದ ಉಸಿರೆಳೆಯಿತು. 5ರಿಂದ 13 ವರ್ಷದ 88 ಮಕ್ಕಳಲ್ಲಿ ಹೋಲಿಸಿದಾಗ, ಸಂದಿ ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರಿಗೆ ಸಮನಾಗಿ ನಿಂತಿತು. ಥರ್ಮಾಕೋಲಿನ ಲೋಟ ಹಿಂದೆ ಬಿತ್ತು. ಊಹೆಯ ಮೇಲೆ ಬಿಟ್ಟಿದ್ದರೆ ಲೋಟವೂ ಸರಿಯೇ ಎಂದುಕೊಳ್ಳುತ್ತಿದ್ದೆವು. ಇದನ್ನು ಮಾಡಹೊರಟವರು ವೈದ್ಯರಿಗೆ ಒಮ್ಮೆ ತೋರಿಸಿಯೇ ಬಳಸಿರಿ.

ನಾನು ಹೇಳಿದ ಪರೀಕ್ಷೆಗಳ ಮಕ್ಕಳು ತೊಗರಿ ಕಟ್ಟಿಗೆಯ ಒಲೆಯ ಪಕ್ಕದಲ್ಲಿ ಮಲಗುವವರಲ್ಲ. ಮದ್ದು ಸೇದಿ ಮತ್ತೆ ಅದೇ ಹೊಗೆಗೆ ಮರಳುವ ಮಗುವಿಗೆ ಎಷ್ಟು ಲಾಭ ಎಂಬುದನ್ನು ಇಂಥ ಮನೆಗಳಲ್ಲಿಯೇ ಅಳೆಯಬೇಕು. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ನಾಳೆ ಯಾರಾದರೂ ಅಂಥ ಪರೀಕ್ಷೆಗೆ ನಮ್ಮ ಊರಿಗೆ ಬಂದಾರು. ಬಂದರೆ ಓಡಿಸಬೇಡಿರಿ, ಕಣ್ಣುಮುಚ್ಚಿ ಹೆಬ್ಬೆಟ್ಟೂ ಒತ್ತಬೇಡಿರಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ದೇಶದ ನೋಂದಣಿಯಲ್ಲಿ ಪರೀಕ್ಷೆ ದಾಖಲಾಗಿದೆಯೇ, ಹಾನಿಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ, ಪರೀಕ್ಷೆ ಮುಗಿದ ಮೇಲೆ ಮದ್ದು ಸಿಗುವುದೇ ಎಂದು ಕನ್ನಡದಲ್ಲಿ ಕೇಳಿರಿ, ಕನ್ನಡದಲ್ಲಿಯೇ ಉತ್ತರ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಹೆತ್ತವರ ಒಪ್ಪಿಗೆಯೊಂದೇ ಸಾಲದು. ಏಳು ವರ್ಷ ದಾಟಿದ ಮಗುವನ್ನೂ ಬಾಯಿಬಿಟ್ಟು ಕೇಳಬೇಕು. ಅದು 'ಒಲ್ಲೆ' ಎಂದರೆ ಸಾಮಾನ್ಯವಾಗಿ ಆ ಮಾತನ್ನು ಮನ್ನಿಸಬೇಕು.