ದನಗಳ ಲಿವರ್ ಹುಳು: ನಾವು ಕಂಡದ್ದು, ಕಲಿತದ್ದು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ಹೊತ್ತಿನಲ್ಲಿ ಈ ಮನುಷ್ಯ ಹುಳದ ಮಾತು ಯಾಕೆ ತೆಗೆದ ಅಂತ ಕೆಲವರಿಗೆ ಅನ್ನಿಸಬಹುದು. ಲೆಕ್ಕಪತ್ರ, ಬೋನಸ್ಸು, ಕಟ್ಟಡದ ವಿಚಾರ ಎಲ್ಲಾ ಕಾರ್ಯದರ್ಶಿಗಳು ಹೇಳಿಯಾಗಿದೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಡಾಕ್ಟರ ಹಾಗೆ ಹೇಳಲು ನಮಗೆ ಬರುವುದಿಲ್ಲ, ಹಸು ಕಳಕೊಂಡವರ ಹಾಗೆ ಹೇಳುತ್ತೇವೆ.

2012ರಲ್ಲಿ ನಾವು ಸಾಲ ಮಾಡಿ ಒಂದು ಮಿಶ್ರತಳಿ ಹಸು ತಂದೆವು. ಹೊತ್ತಿಗೆ ಏಳು ಲೀಟರು ಕೊಡುತ್ತಿತ್ತು. ಮಾರನೇ ವರ್ಷ ಮಳೆಗಾಲ ಕಳೆದು ದೀಪಾವಳಿ ಬರುವಷ್ಟರಲ್ಲಿ ಮೂರು ಲೀಟರಿಗೆ ಇಳಿಯಿತು. ಮೈ ಬತ್ತಿತು, ರೋಮ ಒರಟಾಯಿತು, ಸೆಗಣಿ ನೀರಾಯಿತು. ಸುಳ್ಳು ಯಾಕೆ ಹೇಳಬೇಕು, ಆಗ ನಾವು ಹಿಂಡಿಯೇ ಸರಿಯಿಲ್ಲ ಅಂತ ಇದೇ ಡೇರಿ ಜಗುಲಿಯ ಮೇಲೆ ನಿಂತು ಜಗಳ ಮಾಡಿದ್ದೆವು. ಆವತ್ತು ಬೈಸಿಕೊಂಡವರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ.

ಆಮೇಲೆ ಗದ್ದದ ಕೆಳಗೆ ಊತ ಬಂತು, ನೀರು ತುಂಬಿದ ಚೀಲದ ಹಾಗೆ. ಗಳಲೆ ರೋಗ ಅಂದರು ಅಕ್ಕಪಕ್ಕದವರು. ಗಳಲೆಯಾದರೆ ವಿಪರೀತ ಜ್ವರ ಇರುತ್ತೆ, ಉಸಿರು ಕಟ್ಟುತ್ತೆ, ಒಂದೆರಡು ದಿನದಲ್ಲೇ ತೀರ್ಮಾನ. ಇದಕ್ಕೆ ಜ್ವರವಿಲ್ಲ, ಊತ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ನಾಟಿ ಔಷಧ, ಬರೆ ಅಂತ ಹದಿನೈದು ದಿನ ಕಳೆದೆವು. ಕೊನೆಗೆ ಡಾಕ್ಟರು ಬಂದು ಕಣ್ಣಿನ ರೆಪ್ಪೆ ಮಗುಚಿ ತೋರಿಸಿದರು. ಕಾಗದದ ಹಾಗೆ ಬೆಳ್ಳಗಿತ್ತು. ಮೂರನೇ ದಿನ ಹಸು ಹೋಯಿತು. ಕೊಯ್ದು ನೋಡಿದಾಗ ಲಿವರ್ ಕಲ್ಲಿನಂತೆ ಗಟ್ಟಿ, ಪಿತ್ತದ ನಾಳಗಳು ಸುಣ್ಣ ಕಟ್ಟಿದ ಪೈಪಿನಂತೆ. ಕತ್ತರಿಸಿದರೆ ಒಳಗಿನಿಂದ ಎಲೆಯ ಆಕಾರದ ಚಪ್ಪಟೆ ಹುಳು, ಒಂದೊಂದು ಎರಡು ಅಂಗುಲ. ಎಣಿಸಲು ಹೋಗಿ ಕೈಬಿಟ್ಟೆವು. ಸಾಲದ ಕಂತು ಇನ್ನೂ ಹದಿನಾಲ್ಕು ತಿಂಗಳಿತ್ತು.

ಹಿಂಡಿಯ ತಪ್ಪಲ್ಲ, ತಪ್ಪು ಕೆರೆ ಅಂಗಳದ ಹಸಿರು ಹುಲ್ಲಿನದು. ಬೇಸಿಗೆಯಲ್ಲಿ ಬೇರೆಲ್ಲೂ ಹುಲ್ಲಿಲ್ಲದಾಗ ಅಲ್ಲಿ ಚಿಗುರಿರುತ್ತದೆ, ನಾವೆಲ್ಲ ಅಲ್ಲೇ ದನ ಬಿಡುತ್ತೇವೆ. ಹುಳು ದನದ ಲಿವರಿನಲ್ಲಿ ಕೂತು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಸೆಗಣಿಯಲ್ಲಿ ಬಂದು ನೀರು ಸೇರಿದರೆ ಎರಡು ಮೂರು ವಾರದಲ್ಲಿ ಒಡೆದು ಮರಿ ಹೊರಬರುತ್ತದೆ. ಆ ಮರಿಗೆ ಒಂದು ದಿನದೊಳಗೆ ನೀರಿನ ಬಸವನಹುಳು ಸಿಗಬೇಕು, ಇಲ್ಲದಿದ್ದರೆ ಸತ್ತಿತು. ಸಿಕ್ಕಿದರೆ ಅದರ ಹೊಟ್ಟೆಯಲ್ಲಿ ಒಂದು ನೂರಾರಾಗಿ, ಒಂದೂವರೆ ಎರಡು ತಿಂಗಳಿಗೆ ಹೊರಬಂದು ಹುಲ್ಲಿಗೆ ಅಂಟಿ ಗಂಟು ಕಟ್ಟಿ ಕೂರುತ್ತದೆ. ಕಣ್ಣಿಗೆ ಕಾಣದು. ದನ ಮೇಯುತ್ತದೆ, ಮತ್ತೆ ಶುರು. ಇದು ಇವತ್ತು ಗೊತ್ತಾದ ವಿಷಯವಲ್ಲ. 1880ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಲಕ್ಷಗಟ್ಟಲೆ ಕುರಿ ಸತ್ತಾಗ ಥಾಮಸ್ ಅನ್ನುವವರು ಹುಡುಕಿ 1883ರಲ್ಲಿ ಬರೆದಿಟ್ಟಿದ್ದಾರೆ. ನಮ್ಮೂರಿಗೆ ಆ ಸುದ್ದಿ ಬರಲು ನೂರಮೂವತ್ತು ವರ್ಷ ಹಿಡಿಯಿತು!

ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು. ಮನುಷ್ಯರಿಗೂ ಈ ಹುಳು ಬರುತ್ತದೆ. ದಕ್ಷಿಣ ಅಮೆರಿಕದ ಬೊಲಿವಿಯಾ, ಪೆರು, ಈ ಕಡೆ ಈಜಿಪ್ಟ್, ಇರಾನ್ ದೇಶಗಳಲ್ಲಿ ಬಹಳ ಜನ ನರಳಿದ್ದಾರೆ. ಇರಾನಿನ ಗಿಲಾನ್ ಪ್ರಾಂತ್ಯದಲ್ಲಿ 1989ರಲ್ಲಿ ಸಾವಿರಾರು ಜನಕ್ಕೆ ಒಟ್ಟಿಗೇ ತಗಲಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 70ಕ್ಕೂ ಹೆಚ್ಚು ದೇಶಗಳಲ್ಲಿ ಕನಿಷ್ಠ 24 ಲಕ್ಷ ಜನರಿಗೆ ಇದೆ. ನಮ್ಮ ದೇಶದಲ್ಲಿ ಅಪರೂಪ. ಅಲ್ಲಿಯ ಜನಕ್ಕೆ ಬಂದದ್ದು ನೀರಿನಲ್ಲಿ ಬೆಳೆಯುವ ಸೊಪ್ಪನ್ನು ಹಸಿಯಾಗಿ ತಿಂದು. ನಮ್ಮ ಮಲೆನಾಡಿನಲ್ಲಿ ಒಂದೆಲಗದ ತಂಬುಳಿ ಮಾಡದ ಮನೆ ಉಂಟೇ? ತಂಬುಳಿ ಬಿಡಿ ಅಂತ ಹೇಳಿದರೆ ನಮ್ಮ ಮನೆಯಲ್ಲೇ ಊಟ ಸಿಗುವುದಿಲ್ಲ. ದನ ಮೇಯುವ ಕೆರೆ ಬದುವಿನಿಂದ ಒಂದೆಲಗ ಕಿತ್ತು ಹಸಿ ಅರೆಯಬೇಡಿ, ಅಷ್ಟೆ. ಬರೀ ನೀರಲ್ಲಿ ತೊಳೆದರೆ ಆ ಗಂಟು ಪೂರ್ತಿ ಹೋಗದು, ಬೇಯಿಸಿದರೆ ಸಾಯುತ್ತದೆ. ಹಿತ್ತಲಲ್ಲಿ, ಬಚ್ಚಲ ನೀರು ಸೇರದ ಕಡೆ, ಒಂದು ಹಿಡಿ ನೆಟ್ಟುಕೊಂಡರೆ ವರ್ಷವಿಡೀ ಆಗುತ್ತದೆ. ಬೇಯಿಸಿದ ಲಿವರ್ ತಿಂದರೆ ಬರುತ್ತದಾ ಅಂತ ಒಬ್ಬರು ಕೇಳಿದರು. ಬರುವುದಿಲ್ಲ. ಮತ್ತೊಂದು ಮಾತು, ಮನುಷ್ಯರಿಗೆ ಬಂದರೆ ಗುಣಪಡಿಸುವ ಔಷಧ ಇದೆ. ಹಾಗಂತ ದನದ ಬಾಟಲಿ ಎತ್ತಿ ಕುಡಿಯಬೇಡಿ ಮಾರಾಯ್ರೆ, ಆಸ್ಪತ್ರೆಗೆ ಹೋಗಿ.

ದನಕ್ಕೆ ಮಳೆಗಾಲದ ಮುಂಚೆ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಔಷಧ ಕೊಡಬೇಕು. ಕರುಗಳ ದುಂಡುಹುಳಕ್ಕೆ ಕೊಡುವ ಔಷಧವೆಲ್ಲ ಇದಕ್ಕೆ ನಾಟುವುದಿಲ್ಲ. ಆಕ್ಸಿಕ್ಲೋಜನೈಡ್ ಬೆಳೆದ ಹುಳು ಕೊಲ್ಲುತ್ತದೆ, ಟ್ರೈಕ್ಲಾಬೆಂಡಜೋಲ್ ಮರಿ ಹುಳುವನ್ನೂ ಕೊಲ್ಲುತ್ತದೆ. ಯಾವುದು, ಎಷ್ಟು, ಎಷ್ಟು ದಿನದ ಹಾಲು ಡೇರಿಗೆ ಹಾಕಬಾರದು ಅನ್ನುವುದನ್ನು ಡಾಕ್ಟರನ್ನೇ ಕೇಳಬೇಕು. ಹಾಲು ಬತ್ತಿಸಿದ ಸಮಯದಲ್ಲಿ ಕೊಟ್ಟರೆ ನಷ್ಟ ಕಡಿಮೆ. ಇನ್ನೊಂದು, ಮೇದ ಮೇಲೆ ಮೂರು ನಾಲ್ಕು ತಿಂಗಳ ತನಕ ಸೆಗಣಿಯಲ್ಲಿ ಮೊಟ್ಟೆ ಕಾಣುವುದಿಲ್ಲ. ಒಂದು ಸಲ ಪರೀಕ್ಷೆಯಲ್ಲಿ ಏನೂ ಇಲ್ಲ ಅಂದರೆ ಹುಳುವೇ ಇಲ್ಲ ಅಂತಲ್ಲ.

ಹಸು ಸತ್ತ ಮೇಲೆ 2014ರಲ್ಲಿ ನಾವು ಮನೆಯ ದನಕ್ಕೆಲ್ಲ ತಪ್ಪದೆ ಔಷಧ ಕುಡಿಸಿದೆವು. ಮಾರನೇ ವರ್ಷ ಸೆಗಣಿ ಪರೀಕ್ಷೆಯಲ್ಲಿ ಮತ್ತೆ ಮೊಟ್ಟೆ! ಯಾಕೆಂದರೆ ಅದೇ ಕೆರೆಗೆ ಊರಿನ ದನವೆಲ್ಲ ಬರುತ್ತವೆ, ಔಷಧ ಕಂಡದ್ದು ನಮ್ಮ ನಾಲ್ಕು ಮಾತ್ರ. ಗದ್ದೆಗೆ ಹುಳ ಬಿದ್ದಾಗ ಒಬ್ಬನೇ ಔಷಧ ಹೊಡೆದಂತಾಯಿತು. ಮೈಲುತುತ್ತ ಹಾಕಿ ಬಸವನಹುಳು ಕೊಲ್ಲೋಣ ಅಂದವರೂ ಇದ್ದರು. ಅದು ಮೀನನ್ನೂ ಕೊಲ್ಲುತ್ತದೆ, ಆ ನೀರನ್ನೇ ದನ ಕುಡಿಯಬೇಕು, ಬೇಡವೆಂದೆವು. ನಮಗೆ ಸರಿ ಕಂಡದ್ದು ಇಷ್ಟು: ದನ ಕೆರೆಗೆ ಇಳಿಯದ ಹಾಗೆ ದಡದ ಮೇಲೆ ನೀರಿನ ತೊಟ್ಟಿ, ಸೆಗಣಿ ಹಳ್ಳಕ್ಕೆ ಹೋಗದೆ ಗೊಬ್ಬರದ ಗುಂಡಿಗೆ, ಜೌಗಿನ ಹಸಿಹುಲ್ಲು ಬುಡದವರೆಗೆ ಕೊಯ್ದು ತರಬಾರದು, ಮತ್ತು ಔಷಧ ಎಲ್ಲ ಮನೆಗೂ ಒಂದೇ ವಾರದಲ್ಲಿ.

ಈ ಕೊನೆಯದೇ ಕಷ್ಟ. ಎರಡು ಮೂರು ದಿನದ ಹಾಲು ಬಿಡಬೇಕಲ್ಲ ಅಂತ ಒಂದೇ ಹಸು ಇರುವವರು ಹಿಂದೆಗೆಯುತ್ತಾರೆ. ಅವರ ಮಾತು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ. ವಾರದ ಬಟವಾಡೆಯಲ್ಲೇ ಅವರ ಅಂಗಡಿ ಸಾಮಾನು ನಡೆಯಬೇಕು. ಅದಕ್ಕೇ ಆಡಳಿತ ಮಂಡಳಿಯಲ್ಲಿ ಒಂದು ವಿಚಾರ ಇಟ್ಟಿದ್ದೇವೆ: ಬೆಳ್ಳಿಹಬ್ಬದ ಖರ್ಚಿನಲ್ಲಿ ಉಳಿದ ಹಣದಿಂದ ಅಂಥ ಮನೆಗಳಿಗೆ ಬಿಟ್ಟ ಹಾಲಿನ ಅರ್ಧ ಬೆಲೆಯನ್ನಾದರೂ ಸಂಘ ಕೊಡಬೇಕು. ಇದು ಬರುವ ಸರ್ವಸದಸ್ಯರ ಸಭೆಗೆ ಬರುತ್ತದೆ. ವಿರೋಧ ಇರುವವರು ಅಲ್ಲಿ ಎದ್ದು ಹೇಳಿ, ಚಹದ ಅಂಗಡಿಯಲ್ಲಿ ಬೇಡ.

ಸೆಗಣಿ ಮಾದರಿಯನ್ನು ಬರುವ ಭಾನುವಾರ ಬೆಳಗಿನ ಹಾಲಿನ ಜೊತೆಗೆ ತನ್ನಿ. ಒಂದು ಹಿಡಿ ಸಾಕು, ಆವತ್ತಿನದೇ ಆಗಿರಬೇಕು, ಕೊಟ್ಟೆಯ ಮೇಲೆ ಮನೆಯ ಹೆಸರೂ ಹಸುವಿನ ಗುರುತೂ ಬರೆದಿರಲಿ.