ಟ್ರ್ಯಾಕ್ಟರ್ ಚಾಲೂ ಆಗದಿದ್ದಾಗ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ರೋಹಿಣಿ ಮಳೆ ಚೆನ್ನಾಗಿ ಬಿದ್ದು, ಮೇಲೆ ಬಿಸಿಲು ಬಂದು, ಭೂಮಿ ಹದಕ್ಕೆ ಬಂದಿದೆ. ಬೀಜ, ಗೊಬ್ಬರ ಮನೆಯಲ್ಲಿ ಸಿದ್ಧವಾಗಿವೆ. ಬೆಳಗ್ಗೆ ಕೂರಿಗೆ ಜೋಡಿಸಿ ಟ್ರ್ಯಾಕ್ಟರಿನ ಕೀಲಿ ತಿರುಗಿಸಿದರೆ ಇಂಜಿನ್ ಚಾಲೂ ಆಗುವುದಿಲ್ಲ. ಹದದ ದಿನ ನೆರೆಯವರ ಟ್ರ್ಯಾಕ್ಟರೂ ಬಿಡುವಾಗಿರುವುದಿಲ್ಲ, ಪೇಟೆಯ ಮೆಕ್ಯಾನಿಕ್ಕೂ ಬಿಡುವಾಗಿರುವುದಿಲ್ಲ. ಹದ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ.

ಇಂತಹ ಸಮಯದಲ್ಲಿ ಕೈಕಟ್ಟಿ ಕೂಡಬೇಕಾಗಿಲ್ಲ. ಹಾಗೆಂದು ಕೈಗೆ ಸಿಕ್ಕ ನಟ್ಟನ್ನೆಲ್ಲ ಬಿಚ್ಚಲೂಬಾರದು. ದೋಷವನ್ನು ಕ್ರಮವಾಗಿ ಹುಡುಕಿದರೆ ಅನೇಕ ಸಲ ನಾವೇ ಸರಿಪಡಿಸಬಹುದು. ಆ ಕ್ರಮವನ್ನು ಇಂದು ತಿಳಿದುಕೊಳ್ಳೋಣ.

ಇಂಜಿನ್ನಿಗೆ ಏನು ಬೇಕು?

ಪೆಟ್ರೋಲ್ ಕಾರಿನಲ್ಲಿರುವಂತೆ ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಹದಿನಾರರಿಂದ ಹದಿನೆಂಟರಲ್ಲಿ ಒಂದು ಪಾಲಿನಷ್ಟಕ್ಕೆ ಅದುಮುತ್ತದೆ. ಹಾಗೆ ಅದುಮಿದ ಗಾಳಿ ಬಹಳ ಕಾಯುತ್ತದೆ. ಅದರೊಳಗೆ ಡೀಸೆಲ್ ತುಂತುರಾಗಿ ಬಿದ್ದೊಡನೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬೇಕಾದವು ಮೂರೇ: ಇಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಡೀಸೆಲ್ ಮುಟ್ಟಬೇಕು, ಒಳ್ಳೆಯ ಗಾಳಿ ಬಂದು ಸೋರದೆ ಅದುಮಿಕೊಳ್ಳಬೇಕು. ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ.

ಪಾನಾ ಮುಟ್ಟುವ ಮೊದಲು

ಮೊದಲು ಕಣ್ಣಿನಿಂದ ನೋಡಿರಿ. ಟಾಕಿಯಲ್ಲಿ ಡೀಸೆಲ್ ಇದೆಯೆ? ಟಾಕಿಯ ಕೆಳಗಿನ ನಲ್ಲಿ ತೆರೆದಿದೆಯೆ? ಇಂಜಿನ್ ನಿಲ್ಲಿಸುವ ಗುಂಡಿ ಎಳೆದಂತೆಯೇ ಉಳಿದಿದೆಯೆ? ಗೇರು ನ್ಯೂಟ್ರಲ್‌ನಲ್ಲಿದೆಯೆ, ಪಿ.ಟಿ.ಓ. ಬಿಟ್ಟಿದೆಯೆ? ಹಲವು ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫ್ ಕೆಲಸ ಮಾಡುವುದೇ ಇಲ್ಲ. ಇವು ಸಣ್ಣ ಮಾತುಗಳೆಂದು ನಗಬೇಡಿರಿ. ಇವನ್ನು ಮರೆತು ಮೆಕ್ಯಾನಿಕ್‌ಗೆ ಹೇಳಿಕಳಿಸಿದವರುಂಟು.

ಇಂಜಿನ್ ತಿರುಗದಿದ್ದರೆ

ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿರಿ. ದೀಪ ಮಂಕಾಗಿ, ಸೆಲ್ಫ್ 'ಟಕ್' ಎಂದು ಸುಮ್ಮನಾದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಅಥವಾ ವೈರಿನ ಹಿಡಿತ ಸಡಿಲವಾಗಿದೆ. ದೀಪ ಹಾಗೆಯೇ ಉರಿದು, ಶಬ್ದವೇ ಬಾರದಿದ್ದರೆ ಕೀಲಿಯ ಸ್ವಿಚ್, ಕ್ಲಚ್ಚಿನ ಸುರಕ್ಷಾ ಸ್ವಿಚ್ ಅಥವಾ ಅವುಗಳ ವೈರಿನಲ್ಲಿ ದೋಷವಿರಬಹುದು.

ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಬೂಷ್ಟಿನಂತಹ ಪದರು ಕಟ್ಟಿದ್ದರೆ ವಿದ್ಯುತ್ ಹರಿಯುವುದಿಲ್ಲ. ಬಿಸಿನೀರಿಗೆ ಅಡಿಗೆ ಸೋಡಾ ಬೆರೆಸಿ, ಆ ನೀರು ಬ್ಯಾಟರಿಯೊಳಗೆ ಹೋಗದಂತೆ ತೊಳೆದು, ಒರೆಸಿ, ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿರಿ. ಬಿಚ್ಚುವಾಗ ಭೂಮಿ ತಂತಿಯನ್ನು, ಅಂದರೆ ಇಂಜಿನ್ನಿನ ಮೈಗೆ ಜೋಡಿಸಿದ ತಂತಿಯನ್ನು, ಮೊದಲು ಬಿಚ್ಚಬೇಕು. ಹಾಕುವಾಗ ಕೊನೆಗೆ ಹಾಕಬೇಕು. ನೀರು ಹಾಕುವ ಬ್ಯಾಟರಿಯಾದರೆ ದ್ರವವು ಫಲಕಗಳ ಮೇಲೆ ಸುಮಾರು 10ರಿಂದ 15 ಮಿಲಿಮೀಟರ್ ನಿಂತಿರಬೇಕು. ಡಿಸ್ಟಿಲ್ಡ್ ನೀರನ್ನು ಮಾತ್ರ ಹಾಕಿರಿ, ಬಾವಿಯ ನೀರು ಬೇಡ. ಪೂರ್ತಿ ಚಾರ್ಜಾದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಬ್ಯಾಟರಿಯ ಹತ್ತಿರ ಬೀಡಿ, ಕಡ್ಡಿಪೆಟ್ಟಿಗೆ ಸಲ್ಲದು. ಅದರಿಂದ ಹೊರಡುವ ಜಲಜನಕ ಅನಿಲ ಸಿಡಿಯುತ್ತದೆ.

ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿರಿ. ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು. ಮತ್ತೆ ಪ್ರಯತ್ನಿಸುವ ಮೊದಲು ಒಂದು ನಿಮಿಷ ಬಿಡಿರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೆಲವರು ನೆಲದ ಮೇಲೆ ನಿಂತು ಸೆಲ್ಫ್ ಮೋಟಾರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುತ್ತಾರೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಆ ಕ್ಷಣವೇ ಮುಂದೆ ಹಾರುತ್ತದೆ. ಮನುಷ್ಯ ನಿಂತಿರುವುದು ಹಿಂದಿನ ಗಾಲಿಯ ಎದುರಿಗೆ. ಎಷ್ಟೇ ಅವಸರವಿದ್ದರೂ ಇದನ್ನು ಮಾಡಬೇಡಿರಿ, ಮಕ್ಕಳಿಗೆ, ಆಳುಗಳಿಗೆ ಮಾಡಲು ಬಿಡಬೇಡಿರಿ. ಹದ ಹೋದರೆ ಮುಂದಿನ ಮಳೆ ಇದೆ.

ಇಂಜಿನ್ ತಿರುಗಿಯೂ ಹೊತ್ತದಿದ್ದರೆ

ಈಗ ಹೊಗೆ ಕೊಳವೆಯನ್ನು ನೋಡಿರಿ. ಇಂಜಿನ್ ತಿರುಗುವಾಗ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರಿಗೆ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಮುಟ್ಟುತ್ತಿದೆ, ಆದರೆ ಉರಿಯುತ್ತಿಲ್ಲ: ಇಂಜಿನ್ ನಿಧಾನವಾಗಿ ತಿರುಗುತ್ತಿರಬಹುದು, ಡೀಸೆಲ್ಲಿನಲ್ಲಿ ನೀರು ಸೇರಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು, ಅಥವಾ ಪಿಸ್ಟನ್ ರಿಂಗು, ವಾಲ್ವು ಸವೆದು ಗಾಳಿ ಸೋರುತ್ತಿರಬಹುದು. ಇವುಗಳಲ್ಲಿ ಕೊನೆಯ ಎರಡು ಕಾರ್ಖಾನೆಯ ಕೆಲಸ. ಚಾಲೂ ಆದ ಮೇಲೆ ದಟ್ಟ ಕಪ್ಪು ಹೊಗೆ ಬರುವುದಾದರೆ ಏರ್ ಕ್ಲೀನರ್ ಧೂಳಿನಿಂದ ಕಟ್ಟಿದೆಯೆ ಎಂದು ಮೊದಲು ನೋಡಿರಿ.

ಹೊಗೆ ಬಾರದಿದ್ದಾಗ ಡೀಸೆಲ್ ಬರುವ ದಾರಿಯನ್ನು ಟಾಕಿಯಿಂದ ಹಿಡಿದು ಮುಂದಕ್ಕೆ ಒಂದೊಂದಾಗಿ ಪರೀಕ್ಷಿಸಬೇಕು. ಕೆಲವು ವರ್ಷಗಳ ಹಿಂದೆ ನಾನು ಒಂದು ಊರಿನಲ್ಲಿ ಕಂಡ ಸಂಗತಿ ಹೇಳುತ್ತೇನೆ. ಒಬ್ಬ ರೈತರ ಟ್ರ್ಯಾಕ್ಟರ್ ಅರ್ಧ ಗಂಟೆ ನಡೆದು ತಾನಾಗಿ ನಿಲ್ಲುತ್ತಿತ್ತು. ತುಸು ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತಿತ್ತು. ಒಂದು ದಿನ ಪೂರ್ತಿ ನಿಂತೇಹೋಯಿತು. ಸಾಲ ಮಾಡಿ ಹೊಸ ಬ್ಯಾಟರಿ ತಂದರು. ಆಗಲಿಲ್ಲ. ಪಂಪು ಬಿಚ್ಚಿಸಿ ಪೇಟೆಗೆ ಕಳಿಸಿದರು. ಪಂಪು ಸರಿಯಾಗಿದೆ ಎಂದು ತಿರುಗಿ ಬಂತು. ಅಷ್ಟರಲ್ಲಿ ನಾಲ್ಕು ದಿನ ಕಳೆದು ಹೊಲದ ತೇವ ಆರಿತು. ನಾನು ಹೋಗಿ ಟಾಕಿಯ ಮುಚ್ಚಳ ತಿರುವಿದಾಗ 'ಸುಯ್' ಎಂದು ಗಾಳಿ ಒಳಗೆ ನುಗ್ಗಿತು. ಮಳೆನೀರು ಹೋಗದಿರಲೆಂದು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಮುಚ್ಚಳದಲ್ಲಿ ಗಾಳಿ ಆಡುವ ಸಣ್ಣ ರಂಧ್ರ ಮುಚ್ಚಿಹೋಗಿತ್ತು. ಡೀಸೆಲ್ ಇಳಿದಂತೆ ಟಾಕಿಯೊಳಗೆ ನಿರ್ವಾತವಾಗಿ ಇಳಿಯುವುದೇ ನಿಂತಿತು. ಪೈಪಿನ ಸಂದುಗಳಿಂದ ಗಾಳಿ ಸೇರಿಕೊಂಡಿತು. ಹಾಳೆ ತೆಗೆದು, ಗಾಳಿ ಹೊರಡಿಸಿದೆವು. ಇಂಜಿನ್ ಚಾಲೂ ಆಯಿತು. ನೆರೆಹೊಲದಲ್ಲಿ ಆಗಲೇ ಹೆಸರು ಮೊಳೆತಿತ್ತು.

ಗಾಳಿ ಹೊರಡಿಸುವುದು

ಟಾಕಿ ಪೂರ್ತಿ ಖಾಲಿಯಾದಾಗ, ಫಿಲ್ಟರ್ ಬದಲಿಸಿದಾಗ, ಪೈಪು ಸಡಿಲಾದಾಗ ಗಾಳಿ ಸೇರುತ್ತದೆ. ಟಾಕಿಗೆ ಡೀಸೆಲ್ ಹಾಕಿ ನಲ್ಲಿ ತೆರೆಯಿರಿ. ಕೆಳಗಿನ ಬಟ್ಟಲಿನಲ್ಲಿ ನೀರು, ಕಸರು ಕಂಡರೆ ಹೊರಗೆ ಬಿಡಿರಿ. ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಫೀಡ್ ಪಂಪಿನ ಕೈಹಿಡಿಯನ್ನು ಆಡಿಸಿರಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಶುದ್ಧ ಧಾರೆ ಬರುತ್ತಿರುವಾಗಲೇ ತಿರುಪು ಬಿಗಿ ಮಾಡಿರಿ. ಎರಡನೆಯ ಫಿಲ್ಟರಿಗೂ, ಆಮೇಲೆ ಇಂಜೆಕ್ಷನ್ ಪಂಪಿನ ತಿರುಪಿಗೂ ಹೀಗೆಯೇ ಮಾಡಿರಿ. ಇಷ್ಟಾದರೂ ಚಾಲೂ ಆಗದಿದ್ದರೆ ಇಂಜೆಕ್ಟರುಗಳ ಬಳಿಯ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಇಂಜಿನ್ ತಿರುಗಿಸಿ, ಡೀಸೆಲ್ ಜಿನುಗಿದೊಡನೆ ಬಿಗಿ ಮಾಡಿರಿ. ಆ ಹೊತ್ತಿನಲ್ಲಿ ಕೈ, ಮುಖ ದೂರವಿರಲಿ. ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ದವಾಖಾನೆಗೆ ಹೋಗಬೇಕು.

ಒಂದು ಎಚ್ಚರಿಕೆ. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಬಗ್ಗೆ ಕಟ್ಟುನಿಟ್ಟಾದ ನಿಯಮ ಬಂದಿದೆ. ಇದರಿಂದ ಕಾಮನ್ ರೈಲ್ ಎಂಬ ವಿದ್ಯುನ್ಮಾನ ಪದ್ಧತಿ ಹೆಚ್ಚಾಗಿ ಬಳಕೆಗೆ ಬಂದಿದೆ. ಅಂತಹ ಇಂಜಿನ್ನಿನಲ್ಲಿ ಒತ್ತಡ ಬಹಳ ಹೆಚ್ಚು. ಅದರ ಇಂಜೆಕ್ಟರ್ ಪೈಪುಗಳನ್ನು ನೀವು ಎಂದೂ ಸಡಿಲಿಸಬಾರದು. ಬ್ಯಾಟರಿ, ಟಾಕಿ ನೋಡಿಕೊಂಡು ಕೈಪಿಡಿಯಲ್ಲಿ ಹೇಳಿದಂತೆ ಮಾತ್ರ ಮುಂದುವರಿಯಿರಿ.

ಮುಂಜಾಗ್ರತೆ

ಸಂಜೆ ಕೆಲಸ ಮುಗಿದ ಮೇಲೆ ಟಾಕಿ ತುಂಬಿಸಿಡಿರಿ. ಖಾಲಿ ಟಾಕಿಯೊಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ನೀರಾಗಿ ಡೀಸೆಲ್ಲಿಗೆ ಸೇರುತ್ತದೆ. ಡೀಸೆಲ್ಲನ್ನು ಸ್ವಚ್ಛ ಡಬ್ಬಿಯಲ್ಲಿ ತಂದು, ಜರಡಿ ಇಟ್ಟು ಸುರಿಯಿರಿ. ಮುಂಗಾರಿಗೆ ಹದಿನೈದು ದಿನ ಮೊದಲೇ ಇಂಜಿನ್ ಚಾಲೂ ಮಾಡಿ ನೋಡಿರಿ. ದೋಷವಿದ್ದರೆ ಮೆಕ್ಯಾನಿಕ್‌ಗೆ ಬಿಡುವಿರುವಾಗಲೇ ತಿಳಿಯುತ್ತದೆ.

ತಿರುಗುತ್ತಿದೆಯೆ? ಹೊಗೆ ಬರುತ್ತಿದೆಯೆ? ಎಂಥ ಹೊಗೆ? ಈ ಮೂರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡರೆ ಸಾಕು. ನಿಮ್ಮಿಂದ ಆಗದ ಕೆಲಸವಾದರೂ ಮೆಕ್ಯಾನಿಕ್‌ಗೆ ಫೋನಿನಲ್ಲಿ ಸರಿಯಾಗಿ ತಿಳಿಸಬಲ್ಲಿರಿ. ಅವನು ಬೇಕಾದ ಸಾಮಾನಿನೊಂದಿಗೇ ಬರುತ್ತಾನೆ, ಒಂದು ದಿನ ಉಳಿಯುತ್ತದೆ. ಹದದ ಕಾಲದಲ್ಲಿ ಒಂದು ದಿನದ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.