ಹಳೆಯ ಜಾವಾ, ಮೂಲ ಬಿಡಿಭಾಗ



ಚುಂಚನಕಟ್ಟೆಯ ದನಗಳ ಜಾತ್ರೆಗೆ ಒಂದು ಕಾಲದಲ್ಲಿ ಸುತ್ತಿನ ಹಳ್ಳಿಗಳ ಅನುಕೂಲಸ್ಥರು ಜಾವಾ ಏರಿ ಬರುತ್ತಿದ್ದರು. ಆ ಗಾಡಿಗಳಲ್ಲಿ ಕೆಲವು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿರುವುದನ್ನು ಕಂಡಿದ್ದೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇವನ್ನು ತಯಾರಿಸತೊಡಗಿತು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಅಂದಮೇಲೆ ಮೂಲ ಬಿಡಿಭಾಗ ಎಲ್ಲಿಂದ ಬರಬೇಕು? ಗುಜರಿಯಿಂದ, ಇಲ್ಲವೇ ಹಳೆಯ ಮೆಕ್ಯಾನಿಕರ ಡಬ್ಬಿಯಿಂದ.

ಪೇಟೆಯಲ್ಲಿ ಥಳಥಳಿಸುವ ನಕಲು ಭಾಗಗಳಿಗೇನೂ ಕೊರತೆಯಿಲ್ಲ. ಅವನ್ನೆಲ್ಲ ಜೋಡಿಸಿ ಬಣ್ಣ ಬಳಿದರೆ ಜೀರ್ಣೋದ್ಧಾರವಾಯಿತೇ? ನನ್ನ ವೃತ್ತಿಯ ಅಭ್ಯಾಸ ಒಪ್ಪುವುದಿಲ್ಲ. ಓಲೆಗರಿಯಲ್ಲಿ ಹುಳು ತಿಂದ ಅಕ್ಷರದ ಜಾಗದಲ್ಲಿ ಸಂಪಾದಕನು ತನಗೆ ತೋಚಿದ್ದನ್ನು ಮೂಲವೆಂಬಂತೆ ಬರೆಯಲಾಗದು. ಬೇರೆ ಪ್ರತಿಯನ್ನು ಹುಡುಕಬೇಕು. ಸಿಕ್ಕದಿದ್ದರೆ ಊಹೆಯನ್ನು ಕಂಸದಲ್ಲಿಡಬೇಕು. ಯಂತ್ರಕ್ಕೂ ಆ ಮರ್ಯಾದೆ ಸಲ್ಲಬೇಡವೇ?

ಜಾವಾದಲ್ಲಿ ಕಾಲಿನ ಬಳಿಯ ಒಂದೇ ಲಿವರು ಕಿಕ್ಕರೂ ಹೌದು, ಗೇರೂ ಹೌದು. ಗೇರು ಬದಲಿಸುವಾಗ ಕ್ಲಚ್ಚನ್ನೂ ಅದೇ ಬಿಡಿಸಿಕೊಡುತ್ತದೆ. ಅಳತೆ ಕೂದಲೆಳೆಯಷ್ಟು ತಪ್ಪಿದ ನಕಲು ಒಳಗೆ ಸೇರಿತೋ, ಆ ಚಾತುರ್ಯ ಕೆಟ್ಟಂತೆ. ಗಾಡಿ ಓಡೀತು, ಜಾವಾ ಓಡದು.

ಹಾಗೆಂದು ಮಡಿವಂತಿಕೆಯೂ ಬೇಡ. ಟೈರು, ಕೇಬಲ್ಲು, ಬ್ರೇಕಿನ ಲೈನರು ಹೊಸವೇ ಇರಲಿ; ಅರವತ್ತು ವರ್ಷದ ಟೈರನ್ನು ನಂಬಿ ಕಾವೇರಿಯ ಸೇತುವೆ ದಾಟುವುದು ನಿಷ್ಠೆಯಲ್ಲ, ಮೌಢ್ಯ. ಆದರೆ ಎಂಜಿನ್ನಿನ ಕೇಸನ್ನೂ ಟ್ಯಾಂಕನ್ನೂ ಸುಲಭಕ್ಕೆ ಬದಲಿಸಬಾರದು. ನೆಗ್ಗಿದ ಟ್ಯಾಂಕನ್ನು ತಟ್ಟಿ ನೇರಮಾಡುವ ಕೈಗಳು ನಮ್ಮಲ್ಲಿ ಇನ್ನೂ ಇವೆ. ಬದಲಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಕಳಚಿದ ಭಾಗವನ್ನು ತೂಕಕ್ಕೆ ಮಾರದೆ ಎಣ್ಣೆ ಸವರಿ ಎತ್ತಿಡಿ. ನಾಳೆ ಇನ್ನೊಬ್ಬರ ಜಾವಾಕ್ಕೆ ಅದೇ ಬೇಕಾದೀತು.